ಎರಡು ಲೀಟರ್ ಲೆಕ್ಕ

ಹೋದ ವರ್ಷ ನಮ್ಮ ಸೋದರಮಾವ ಮ್ಯಾಂಚೆಸ್ಟರ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದರು. ಮೊದಲ ಸಲ ವಿಮಾನ ಹತ್ತಿದ್ದು. ಮಾವ ಜೀವಮಾನದಲ್ಲಿ ಒಂದು ಹನಿ ಎಣ್ಣೆ ಮುಟ್ಟಿದವರಲ್ಲ. ಆದರೂ ವಾಪಸ್ ಬರುವಾಗ ಅಲ್ಲಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಎರಡು ಬಾಟಲಿ ಸ್ಕಾಚ್ ಕೊಂಡರು, ಬೀಗರಿಗೆ ಅಂತ. ಮಗಳ ಮದುವೆಯಾಗಿ ಆರು ವರ್ಷ. ಅಷ್ಟು ವರ್ಷದಲ್ಲಿ ಬೀಗರು ಬಾಯಿಬಿಟ್ಟು ಕೇಳಿದ್ದು ಅದೊಂದೇ: "ಬರೋವಾಗ ಒಂದು ಒಳ್ಳೇ ಬಾಟ್ಲಿ ತನ್ನಿ." ಕೇಳಿದ್ದು ಒಂದು, ಮಾವ ಕೊಂಡದ್ದು ಎರಡು. ಬೀಗರ ಮನೆಗೆ ಒಂಟಿ ಬಾಟಲಿ ಹಿಡಿದು ಹೋಗುವುದು ಹೇಗೆ ಅಂತ.

ಅಂಗಡಿಯವರು ಎರಡನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಸೀದಿ ಹೊರಗಿನಿಂದ ಓದಲು ಬರುವ ಹಾಗೆ ಒಳಗೇ ಇಟ್ಟು, ಚೀಲದ ಬಾಯಿ ಅಂಟಿಸಿ ಕೊಟ್ಟರು. ಮಾವ ವಿಮಾನದಲ್ಲಿ ಕೂತ ಮೇಲೆ ಆ ಚೀಲ ಹರಿದರು. ಪಕ್ಕದಲ್ಲಿ ಕೂತವರಿಗೆ ಬಾಟಲಿ ಕಾಣುವುದು ಅವರಿಗೆ ಇಷ್ಟವಾಗಲಿಲ್ಲ. ಎರಡನ್ನೂ ಟವೆಲ್‌ನಲ್ಲಿ ಸುತ್ತಿ ತಮ್ಮ ಕೈಚೀಲದ ತಳದಲ್ಲಿ ಜೋಪಾನವಾಗಿ ಇಟ್ಟರು. ದಾರಿಯಲ್ಲಿ ಒಂದು ಊರಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಮತ್ತೆ ಸೆಕ್ಯುರಿಟಿ ಚೆಕ್. ಚೀಲ ಯಂತ್ರದೊಳಗೆ ಹೋಯಿತು, ನಿಂತಿತು, ಪಕ್ಕದ ಸಾಲಿಗೆ ಬಂತು. ಟವೆಲ್ ಬಿಚ್ಚಿದರು. ಮಾವ ರಸೀದಿ ತೋರಿಸಿದರು, ಹರಿದ ಚೀಲ ತೋರಿಸಿದರು. ಸೀಲ್ ಒಡೆದಿದೆ, ಬಿಡಕ್ಕಾಗಲ್ಲ ಅಂದರು. ಪಕ್ಕದಲ್ಲೇ ಒಂದು ದೊಡ್ಡ ಡಬ್ಬ. ಅದರಲ್ಲಿ ಆಗಲೇ ಬೇರೆಯವರ ಬಾಟಲಿಗಳು ಬಿದ್ದಿದ್ದವು. ಇವೆರಡೂ ಅದರ ಮೇಲೆ ಹೋದವು.

ಆ ರಾತ್ರಿ ಫೋನ್ ಮಾಡಿದಾಗ ಮಾವ ಹೇಳಿದ್ದು ಇಷ್ಟೇ: "ದುಡ್ಡು ಹೋಗಿದ್ದಕ್ಕಲ್ಲ ಕಣೋ. ಯಾರೂ ಒಂದು ಮಾತು ಹೇಳಲಿಲ್ಲವಲ್ಲ."

ಅದು ನನಗೆ ತುಂಬಾ ಚುಚ್ಚಿತು. ಕೆಲಸದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಹೊರದೇಶಕ್ಕೆ ಹೋಗಿ ಬರುವವನು ನಾನು. ನನಗೆ ಇದೆಲ್ಲ ಗೊತ್ತಿತ್ತು. ಮಾವ ಹೊರಡುವ ಹಿಂದಿನ ದಿನ ಅವರ ಮನೆಯಲ್ಲೇ ಊಟ ಮಾಡಿದ್ದೆ. ಉಪ್ಪಿನಕಾಯಿ ಹೇಗೆ ಪ್ಯಾಕ್ ಮಾಡಬೇಕು ಅಂತ ಅರ್ಧ ಗಂಟೆ ಮಾತಾಡಿದೆವು, ಬಾಟಲಿ ವಿಷಯ ಬರಲೇ ಇಲ್ಲ. ಹಾಗಾಗಿ ಇಲ್ಲಿ ನನಗೆ ಗೊತ್ತಿರುವಷ್ಟನ್ನೂ ಬರೆದಿಡುತ್ತಿದ್ದೇನೆ. ಮನೆಯವರು ಮೊದಲ ಸಲ ವಿದೇಶಕ್ಕೆ ಹೊರಟಿದ್ದರೆ ಅವರಿಗೂ ಓದಿ ಹೇಳಿ.

ಮೊದಲು ಅಳತೆ. ಹೊರದೇಶದಿಂದ ಭಾರತಕ್ಕೆ ಬರುವ ಒಬ್ಬ ಪ್ರಯಾಣಿಕ ಸುಂಕ ಕಟ್ಟದೆ ತರಬಹುದಾದ ಮದ್ಯ 2 ಲೀಟರ್. 2016ರ ಬ್ಯಾಗೇಜ್ ನಿಯಮ ಬಂದಾಗಲೂ ಇದೇ ಅಳತೆ ಇತ್ತು. ಎರಡು ಬಾಟಲಿ ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಆದರೆ ಲೆಕ್ಕ ಬಾಟಲಿಯದ್ದಲ್ಲ, ಲೀಟರ್‌ನದ್ದು. ವಿಸ್ಕಿ, ವೈನ್, ಬಿಯರ್ ಎಲ್ಲ ಸೇರಿ 2 ಲೀಟರ್. 750 ಎಂಎಲ್‌ನ ಮೂರು ವೈನ್ ತಂದರೆ 2.25 ಲೀಟರ್ ಆಯಿತು, ಮಿತಿ ದಾಟಿತು. ಯುರೋಪಿನಲ್ಲಿ ವಿಸ್ಕಿ ಬಾಟಲಿ ಸಾಮಾನ್ಯವಾಗಿ 700 ಎಂಎಲ್. ಅದರಲ್ಲಿ ಮೂರು ತಂದರೆ 2.1 ಲೀಟರ್, ಅದೂ ದಾಟಿತು. 330 ಎಂಎಲ್‌ನ ಬಿಯರ್ ಆರು ತಂದರೆ 1.98 ಲೀಟರ್, ಒಳಗೇ ಇದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿಂದ ಎರಡು ಲೀಟರ್ ತಂದು, ಬೆಂಗಳೂರಿಗೆ ಇಳಿದ ಮೇಲೆ ಇಲ್ಲಿನ ಡ್ಯೂಟಿ ಫ್ರೀಯಲ್ಲಿ ಇನ್ನೆರಡು ಲೀಟರ್ ಕೊಳ್ಳಬಹುದು ಅಂದುಕೊಳ್ಳುತ್ತಾರೆ. ಇಲ್ಲ. ಎಲ್ಲಿ ಕೊಂಡರೂ ಒಟ್ಟು ಎರಡೇ. ಹಾಗೇ ಗಂಡ ಹೆಂಡತಿ ಇಬ್ಬರೂ ಬರುತ್ತಿದ್ದರೆ ಇಬ್ಬರಿಗೂ ಬೇರೆ ಬೇರೆ ಎರಡೆರಡು ಲೀಟರ್ ಇದೆ, ಆದರೆ ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿಗೆ ಸೇರಿಸಲು ಬರುವುದಿಲ್ಲ. ನಿಯಮದಲ್ಲೇ ಹಾಗೆ ಬರೆದಿದೆ. ಸಿಗರೇಟಿನದ್ದು ಇನ್ನೂ ಕಷ್ಟ. ಒಬ್ಬರಿಗೆ 100 ಸಿಗರೇಟ್ ಮಾತ್ರ. ಅಂಗಡಿಯಲ್ಲಿ ಮಾರುವ ಮಾಮೂಲಿ ಕಾರ್ಟನ್‌ನಲ್ಲಿ 200 ಇರುತ್ತವೆ. ಒಂದೇ ಕಾರ್ಟನ್ ತಾನೇ ಅಂತ ಹಿಡಿದು ಬಂದವರು ಆಗಲೇ ಮಿತಿ ದಾಟಿರುತ್ತಾರೆ.

ಮಿತಿ ದಾಟಿದರೆ ಏನಾಗುತ್ತದೆ? ಬೇರೆ ಸಾಮಾನಿಗೆ ಹಾಕುವ ಬ್ಯಾಗೇಜ್ ಸುಂಕದ ದರ ಮದ್ಯಕ್ಕೆ ಇಲ್ಲ. ಮದ್ಯಕ್ಕೆ ಅದರದೇ ಆಮದು ಸುಂಕ, ವಿಸ್ಕಿಗೆ ವರ್ಷಗಟ್ಟಲೆ ಇದ್ದದ್ದು ಶೇ 150. ವಿದೇಶದ ಅಂಗಡಿಗಳಲ್ಲಿ ಮೂರು ಕೊಂಡರೆ ರಿಯಾಯಿತಿ ಅಂತ ಬೋರ್ಡ್ ಇರುತ್ತದೆ, ನೋಡಿರುತ್ತೀರಿ. ಆ ಮೂರನೇ ಲೀಟರ್ ಬಾಟಲಿಯ ಬೆಲೆ 4,500 ರೂಪಾಯಿ ಅಂತಿಟ್ಟುಕೊಳ್ಳಿ. ಶೇ 150 ಅಂದರೆ ಸುಂಕವೇ 6,750. ಬಾಟಲಿ ಮನೆಗೆ ಬರುವ ಹೊತ್ತಿಗೆ 11,250. ಅಷ್ಟು ಕೊಟ್ಟು ತರುವ ಬದಲು ರಾಜಾಜಿನಗರದ ಯಾವುದೇ ಎಂಆರ್‌ಪಿ ಅಂಗಡಿಗೆ ನಡೆದು ಹೋಗಿ ತರಬಹುದು. ಹೇಳದೆ ಗ್ರೀನ್ ಚಾನಲ್‌ನಲ್ಲಿ, ಅಂದರೆ ಸುಂಕ ಕಟ್ಟುವ ಸಾಮಾನು ಇಲ್ಲದವರ ದಾರಿಯಲ್ಲಿ, ನುಗ್ಗಿ ಸಿಕ್ಕಿಬಿದ್ದರೆ ಬಾಟಲಿಯೂ ಹೋಗಬಹುದು, ಮೇಲೆ ದಂಡ ಬೇರೆ. ಜಾಸ್ತಿ ಇದ್ದರೆ ರೆಡ್ ಚಾನಲ್‌ಗೆ ಹೋಗಿ ನೇರವಾಗಿ ಹೇಳಿ. ಅಲ್ಲಿ ಕೂತಿರುವವರೂ ಮನುಷ್ಯರೇ, ಮೊದಲೇ ಹೇಳಿದವರ ಹತ್ತಿರ ಸಮಾಧಾನವಾಗಿ ಮಾತಾಡುತ್ತಾರೆ. ನಾನು ಒಂದು ಸಲ ಹೋಗಿದ್ದೇನೆ, ಕಾಲು ಗಂಟೆಯ ಕೆಲಸ.

ಈಗ ದುಡ್ಡಿನ ವಿಷಯ. ಡ್ಯೂಟಿ ಫ್ರೀ ನಿಜವಾಗಿ ಅಗ್ಗವಾ?

ಡ್ಯೂಟಿ ಫ್ರೀ ಅಂದರೆ ಅಗ್ಗ ಅಂತ ಅರ್ಥ ಅಲ್ಲವೇ ಅಲ್ಲ. ಸುಂಕ ಸೇರಿಸಿಲ್ಲ ಅಂತ ಮಾತ್ರ ಅರ್ಥ. ಈ ಪದ್ಧತಿ ಶುರುವಾದದ್ದು 1947ರಲ್ಲಿ, ಐರ್ಲೆಂಡಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ. ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಅಲ್ಲಿ ಇಳಿಯುತ್ತಿದ್ದವು. ಪ್ರಯಾಣಿಕರು ಸುಮ್ನೆ ಕೂತಿರುತ್ತಿದ್ದರು. ಇವರು ದೇಶದ ಒಳಗೆ ಬಂದೇ ಇಲ್ಲ, ಹಾಗಾದರೆ ಇವರಿಗೆ ಮಾರುವ ಸಾಮಾನಿಗೆ ನಮ್ಮ ದೇಶದ ತೆರಿಗೆ ಯಾಕೆ ಅಂತ ಬ್ರೆಂಡನ್ ಓ'ರೀಗನ್ ಎಂಬವರು ಯೋಚನೆ ಮಾಡಿ ಅಂಗಡಿ ಇಟ್ಟರು. ನಮ್ಮ ದೇವನಹಳ್ಳಿಯ ಅಂಗಡಿ ನಡೆಯುವುದೂ ಅದೇ ಆಧಾರದ ಮೇಲೆ. ಎರಡನೇ ಟರ್ಮಿನಲ್‌ನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ಬ್ಯಾಗ್ ಬರುವ ಬೆಲ್ಟ್‌ಗೆ ಹೋಗುವ ದಾರಿಯಲ್ಲೇ ಅಂಗಡಿ ಸಿಗುತ್ತದೆ. ನೀವು ಬೆಂಗಳೂರಿನ ನೆಲದ ಮೇಲೆ ನಿಂತಿರುತ್ತೀರಿ, ಆದರೆ ಕಸ್ಟಮ್ಸ್ ಗೆರೆ ಇನ್ನೂ ದಾಟಿರುವುದಿಲ್ಲ.

ಹಾಗಾದರೆ ಉಳಿತಾಯ ಎಷ್ಟು ಅನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಅದೇ ಬಾಟಲಿಯನ್ನು ನೀವು ಬೇರೆ ಎಲ್ಲಿ ಕೊಳ್ಳುತ್ತಿದ್ದಿರಿ, ಅಲ್ಲಿ ತೆರಿಗೆ ಎಷ್ಟು? ತೆರಿಗೆ ಭಾರ ಇದ್ದ ಕಡೆ ಉಳಿತಾಯ ದೊಡ್ಡದು. ತೆರಿಗೆ ಹಗುರ ಇದ್ದ ಕಡೆ ಏನೂ ಇಲ್ಲ.

ನನಗೆ ಇದು ಅರ್ಥವಾದದ್ದು ಜರ್ಮನಿಯಲ್ಲಿ. ಅಲ್ಲಿ ಸ್ಪಿರಿಟ್ ಮೇಲಿನ ಸುಂಕ ಒಂದು ಲೀಟರ್ ಶುದ್ಧ ಆಲ್ಕೋಹಾಲ್‌ಗೆ 13.03 ಯೂರೋ. ಶೇ 40 ಇರುವ 700 ಎಂಎಲ್ ವಿಸ್ಕಿಯಲ್ಲಿ ಶುದ್ಧ ಆಲ್ಕೋಹಾಲ್ 280 ಎಂಎಲ್. ಲೆಕ್ಕ ಹಾಕಿದರೆ ಸುಂಕ ಹೆಚ್ಚು ಕಡಿಮೆ 3.65 ಯೂರೋ, ಅದರ ಮೇಲೆ ಶೇ 19 ವ್ಯಾಟ್. ಇಷ್ಟು ಸಣ್ಣ ಸುಂಕವನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಬಾಟಲಿ ಅಗ್ಗವಾಗುವುದು ಎಲ್ಲಿಂದ? ಫ್ರಾಂಕ್‌ಫರ್ಟ್‌ನಲ್ಲಿ ನಾನಿದ್ದ ಹೋಟೆಲ್ ಪಕ್ಕದ ಸೂಪರ್ ಮಾರ್ಕೆಟ್‌ನಲ್ಲಿ, ದಿನಾ ಬ್ರೆಡ್ಡು ಹಾಲು ತರುವ ಅಂಗಡಿಯಲ್ಲಿ, ತೆರಿಗೆ ಎಲ್ಲ ಸೇರಿಯೂ ಆ ಬಾಟಲಿ ವಿಮಾನ ನಿಲ್ದಾಣಕ್ಕಿಂತ ಕಡಿಮೆಗೆ ಇತ್ತು. ಎರಡೂ ಕಡೆ ಬೆಲೆಯ ಫೋಟೋ ತೆಗೆದು ಲೀಟರ್ ಲೆಕ್ಕಕ್ಕೆ ತಂದು ನೋಡಿದೆ. ಅದಾದ ಮೇಲೆ ಜರ್ಮನಿಯ ವಿಮಾನ ನಿಲ್ದಾಣದಲ್ಲಿ ನಾನು ಬಾಟಲಿ ಕೊಂಡಿಲ್ಲ.

ಸಿಂಗಪುರ ಪೂರ್ತಿ ಉಲ್ಟಾ. ಅಲ್ಲಿ ಒಂದು ಲೀಟರ್ ಶುದ್ಧ ಆಲ್ಕೋಹಾಲ್‌ಗೆ 88 ಸಿಂಗಪುರ ಡಾಲರ್ ಸುಂಕ. ಶೇ 40ರ ಒಂದು ಲೀಟರ್ ಬಾಟಲಿಗೆ 35.20 ಡಾಲರ್ ಸುಂಕವೇ ಆಯಿತು, ಆಮೇಲೆ ಜಿಎಸ್‌ಟಿ. ಹಾಗಾಗಿ ಸಿಂಗಪುರದಲ್ಲಿ ಮನೆ ಮಾಡಿರುವ ನನ್ನ ಸ್ನೇಹಿತರಿಗೆ ಡ್ಯೂಟಿ ಫ್ರೀ ಅಂದರೆ ನಿಜವಾದ ಉಳಿತಾಯ. ಊರಿಂದ ಹೋಗುವವರ ಹತ್ತಿರ ಅವರು ಹಪ್ಪಳ ಸಂಡಿಗೆ ಜೊತೆ ಒಂದು ಬಾಟಲಿ ತರಲೂ ಹೇಳುತ್ತಾರೆ. ಅದಕ್ಕೆ ಅಲ್ಲಿನ ನಿಯಮ ನೋಡಿಕೊಂಡು ಹೋಗಬೇಕು. ಹಿಂದಿನ 48 ಗಂಟೆ ಸಿಂಗಪುರದ ಹೊರಗೆ ಇದ್ದಿರಬೇಕು, ಮಲೇಷ್ಯಾದಿಂದ ಬರುತ್ತಿರಬಾರದು, ವಯಸ್ಸು 18 ಆಗಿರಬೇಕು. ಸಿಗರೇಟಿಗಂತೂ ಒಂದೇ ಒಂದಕ್ಕೂ ವಿನಾಯಿತಿ ಇಲ್ಲ.

ಹೋಗುವಾಗ ಕೊಂಡರೆ ಲೆಕ್ಕ ಆ ದೇಶದ್ದು, ನಮ್ಮದಲ್ಲ. ಥಾಯ್ಲೆಂಡ್ ಒಂದು ಲೀಟರ್. ಅಮೆರಿಕ ಒಂದು ಲೀಟರ್, ಅದೂ 21 ತುಂಬಿದ್ದರೆ. ದುಬೈ ನಾಲ್ಕು ಲೀಟರ್. ಮಾಲ್ಡೀವ್ಸ್‌ಗೆ ಒಯ್ಯುವ ಹಾಗೇ ಇಲ್ಲ. ಹನಿಮೂನ್‌ಗೆ ಹೊರಟ ಹುಡುಗರು ಇಲ್ಲಿಂದ ಬಾಟಲಿ ಹಿಡಿದು ಹೋಗಿ ಅಲ್ಲಿ ಮುಖ ಸಣ್ಣ ಮಾಡಿಕೊಂಡು ನಿಲ್ಲುವುದು ಬೇಡ.

ಇನ್ನು ನಮ್ಮ ಬೆಂಗಳೂರು. ಹೊರಗಿನಿಂದ ಬಾಟಲಿಯಾಗಿಯೇ ಬರುವ ವಿಸ್ಕಿಗೆ ಮೊದಲು ಕೇಂದ್ರದ ಆಮದು ಸುಂಕ ಬೀಳುತ್ತದೆ. ಆಮೇಲೆ ರಾಜ್ಯದ ಅಬಕಾರಿ ಸುಂಕ. ಮದ್ಯ ಜಿಎಸ್‌ಟಿ ಒಳಗೆ ಬರುವುದಿಲ್ಲ, ಅದು ರಾಜ್ಯದ ಕೈಯಲ್ಲೇ ಇದೆ. 2003ರಿಂದ ಕರ್ನಾಟಕದಲ್ಲಿ ಮದ್ಯದ ಸಗಟು ಮಾರಾಟ ಸರ್ಕಾರದ ಪಾನೀಯ ನಿಗಮದ ಮೂಲಕವೇ ಆಗಬೇಕು. ಹೀಗೆ ಒಂದರ ಮೇಲೊಂದು ಕೂತು ಅಂಗಡಿಗೆ ಬರುವ ಹೊತ್ತಿಗೆ ಬೆಲೆ ಏರಿರುತ್ತದೆ. ಹಾಗಾಗಿ ಬೆಂಗಳೂರಿನವರಿಗೆ ವಿದೇಶಿ ವಿಸ್ಕಿಯಲ್ಲಿ ಡ್ಯೂಟಿ ಫ್ರೀ ಉಳಿತಾಯ ಇದ್ದೇ ಇದೆ. ಎಷ್ಟು ಅಂತ ನೋಡಬೇಕಾದರೆ ಬಾಟಲಿ ಪಕ್ಕಕ್ಕೆ ಬಾಟಲಿ ಇಟ್ಟು ನೋಡಬಾರದು. ನಮ್ಮಲ್ಲಿ ಫುಲ್ ಅಂದರೆ 750 ಎಂಎಲ್. ಡ್ಯೂಟಿ ಫ್ರೀಯಲ್ಲಿ ಬಹುಪಾಲು ಒಂದು ಲೀಟರ್. ಒಂದು ಲೆಕ್ಕಕ್ಕೆ ಹೇಳುತ್ತೇನೆ, ಬೆಲೆ ಯಾವ ಬ್ರ್ಯಾಂಡಿನದ್ದೂ ಅಲ್ಲ: ಅಲ್ಲಿ ಒಂದು ಲೀಟರ್ 4,500, ಇಲ್ಲಿ 750 ಎಂಎಲ್ 5,200. ಸುಮ್ನೆ ನೋಡಿದರೆ 700 ರೂಪಾಯಿ ವ್ಯತ್ಯಾಸ. ಲೀಟರ್‌ಗೆ ತಂದರೆ ಇಲ್ಲಿಯದು 6,933. ವ್ಯತ್ಯಾಸ 2,433. ಎರಡು ಲೀಟರ್‌ಗೆ 4,866 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಕುಡಿಯುವವರಿಗೆ, ಹೇಗೂ ಆ ಬಾಟಲಿಯನ್ನು ಕೊಳ್ಳುತ್ತಿದ್ದವರಿಗೆ, ಇದು ಕೈಯಲ್ಲಿ ಉಳಿಯುವ ದುಡ್ಡು.

ಇನ್ನೊಂದು ಸಣ್ಣ ಸಂಗತಿ. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಸ್ಕಾಚ್ ಬಾಟಲಿಗಳ ಮೇಲೆ ಶೇ 42.8 ಅಂತ ಇರುತ್ತದೆ, ಡ್ಯೂಟಿ ಫ್ರೀಯಲ್ಲಿ ಅದೇ ಹೆಸರಿನ ಬಾಟಲಿ ಶೇ 40. ಲೇಬಲ್ ಓದಿ ನೋಡಿ. ಬೆಲೆ ಹೋಲಿಸುವಾಗ ಇದನ್ನೂ ಮನಸ್ಸಲ್ಲಿ ಇಟ್ಟುಕೊಂಡರೆ ಲೆಕ್ಕ ಸರಿಯಾಗುತ್ತದೆ.

ಆದರೆ ಈ ಅಂತರ ಮೊದಲಿನಷ್ಟು ಇಲ್ಲ, ಇದನ್ನು ಒತ್ತಿ ಹೇಳಬೇಕು. 2024ರ ಆಗಸ್ಟ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಅಬಕಾರಿ ಸುಂಕದ ಸ್ಲ್ಯಾಬ್‌ಗಳನ್ನು (ಹಂತಗಳನ್ನು) ಬದಲಾಯಿಸಿ ದುಬಾರಿ ಮದ್ಯದ ಬೆಲೆ ಇಳಿಸಿತು. ನೆರೆ ರಾಜ್ಯಗಳಲ್ಲಿ ಕಡಿಮೆ ಇತ್ತು, ಜನ ಅಲ್ಲಿಂದ ತರುತ್ತಿದ್ದರು. 2025ರ ಫೆಬ್ರವರಿಯಲ್ಲಿ ಕೇಂದ್ರ ಅಮೆರಿಕದ ಬರ್ಬನ್ ಮೇಲಿನ ಸುಂಕವನ್ನು ಶೇ 150ರಿಂದ 100ಕ್ಕೆ ತಂದಿತು. ಅದೇ ವರ್ಷ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಸುಂಕವನ್ನು ಶೇ 150ರಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವ ಮಾತಿದೆ. ಹತ್ತು ವರ್ಷ ಹಿಂದೆ ನಮ್ಮ ಚಿಕ್ಕಪ್ಪ "ಏರ್‌ಪೋರ್ಟಲ್ಲಿ ಅರ್ಧ ಬೆಲೆ" ಅಂದದ್ದನ್ನು ಇವತ್ತಿಗೂ ಮನೆಯವರೆಲ್ಲ ನಂಬಿಕೊಂಡಿದ್ದಾರೆ. ಅದು ಆವತ್ತಿನ ಮಾತು. ಹೊರಡುವ ಮುಂಚೆ ನಿಮ್ಮ ಬೀದಿಯ ಅಂಗಡಿಯಲ್ಲಿ ಇವತ್ತಿನ ಬೆಲೆ ಕೇಳಿಕೊಂಡು ಮೊಬೈಲ್‌ನಲ್ಲಿ ಬರೆದುಕೊಳ್ಳಿ. ಎರಡು ನಿಮಿಷದ ಕೆಲಸ.

ಮತ್ತೆ ಎಲ್ಲ ಸ್ಕಾಚೂ ಒಂದೇ ಅಲ್ಲ. ಕೆಲವು ಹೆಸರುಗಳು ಪೀಪಾಯಿಯಲ್ಲಿ ಬಂದು ಇಲ್ಲೇ ಬಾಟಲಿಗೆ ತುಂಬಿಸಿಕೊಳ್ಳುತ್ತವೆ. ಅವುಗಳ ಬೆಲೆ ಇಲ್ಲೇ ಕಡಿಮೆ, ಅವನ್ನು ಡ್ಯೂಟಿ ಫ್ರೀಯಿಂದ ಹೊತ್ತು ತರುವುದು ಶ್ರಮಕ್ಕೆ ತಕ್ಕ ಫಲ ಕೊಡುವುದಿಲ್ಲ. ನಮ್ಮೂರಿನದೇ ಅಮೃತ್ ಕೂಡ ಹಾಗೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ವಿಸ್ಕಿ ಅದು. 2004ರಲ್ಲಿ ಅವರು ಸಿಂಗಲ್ ಮಾಲ್ಟ್ ಅನ್ನು ಮೊದಲು ಮಾರಾಟಕ್ಕೆ ಇಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಬೆಂಗಳೂರಿಗೆ ಆಮೇಲೆ ಬಂತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ ನಮ್ಮ ಹವೆಗೆ ಶೇ 10ಕ್ಕೂ ಮೇಲೆ ಹೋಗುತ್ತದೆ. ಹಾಗಾಗಿ ಇಲ್ಲಿ ಹದಿನೆಂಟು ವರ್ಷ ಕಾಯಿಸುವ ಮಾತೇ ಇಲ್ಲ, ನಾಲ್ಕೈದು ವರ್ಷಕ್ಕೇ ಹದ ಬರುತ್ತದೆ. ಬೆಂಗಳೂರಿನಿಂದ ಹೊರಡುವವರಿಗೆ ಇರುವ ಡ್ಯೂಟಿ ಫ್ರೀ ಅಂಗಡಿಯಲ್ಲಿ ಒಬ್ಬ ವಿದೇಶಿ ಹೆಂಗಸು ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಗಳೂರು ಅಂತ ಬರೆದಿರುವುದನ್ನು ಗಂಡನಿಗೆ ತೋರಿಸುತ್ತಿದ್ದಳು. ನೋಡಿ ಖುಷಿಯಾಯಿತು. ನಾವಾದರೆ ಅದನ್ನು ಊರೊಳಗೇ ಕೊಳ್ಳಬಹುದು, ಆಮದು ಸುಂಕ ಅದಕ್ಕಿಲ್ಲ, ಉಳಿತಾಯ ದೊಡ್ಡದಾಗಿ ಏನೂ ಆಗುವುದಿಲ್ಲ.

ಟ್ರಾವೆಲರ್ಸ್ ಎಕ್ಸ್‌ಕ್ಲೂಸಿವ್ ಅಂತ ಬರೆದಿರುವ ಬಾಟಲಿಗಳ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ. ಅವು ವಿಮಾನ ನಿಲ್ದಾಣ ಬಿಟ್ಟು ಬೇರೆ ಕಡೆ ಸಾಮಾನ್ಯವಾಗಿ ಸಿಗುವುದಿಲ್ಲ. ಬೇರೆ ಕಡೆ ಇಲ್ಲದ ಮೇಲೆ ಬೆಲೆ ಹೋಲಿಸುವುದು ಯಾವುದರ ಜೊತೆ? ಎಷ್ಟೋ ಬಾಟಲಿಗಳ ಮೇಲೆ ಎಷ್ಟು ವರ್ಷದ್ದು ಅನ್ನುವುದೂ ಇರುವುದಿಲ್ಲ, ಚೆಂದದ ಡಬ್ಬಿ ಇರುತ್ತದೆ. ರುಚಿ ಇಷ್ಟವಾಗಿ ಕೊಂಡರೆ ಸರಿ, ದುಡ್ಡು ಉಳಿಯಿತು ಅಂತ ಮಾತ್ರ ಅಂದುಕೊಳ್ಳಬೇಡಿ.

ಕಾರ್ಡ್ ಉಜ್ಜುವಾಗಲೂ ದುಡ್ಡು ಸೋರುತ್ತದೆ. ವಿದೇಶದಲ್ಲಿ ಯಂತ್ರ ಕೇಳುತ್ತದೆ: ರೂಪಾಯಿಯಲ್ಲಿ ಕಟ್ಟುತ್ತೀರಾ, ಇಲ್ಲಿನ ಹಣದಲ್ಲಾ? ರೂಪಾಯಿ ಕಂಡ ಕೂಡಲೇ ನಮ್ಮವರು ಅದನ್ನೇ ಒತ್ತುತ್ತಾರೆ, ಗೊತ್ತಿರುವ ಹಣ ಅಲ್ವಾ. ಹಾಗೆ ಒತ್ತಿದರೆ ವಿನಿಮಯ ದರ ನಿರ್ಧರಿಸುವುದು ಆ ಯಂತ್ರದ ಕಡೆಯವರು, ಅದು ಸಾಮಾನ್ಯವಾಗಿ ನಮಗೆ ನಷ್ಟದ ದರ. ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ಆಮೇಲೆ ನಿಮ್ಮ ಬ್ಯಾಂಕ್ ಹಾಕುವ ಶುಲ್ಕ ಇದೆ. ಶೇ 3.5 ಹಾಕುವ ಕಾರ್ಡ್ ಆದರೆ ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿ ನೂರಕ್ಕೆ ನಾಲ್ಕು ರೂಪಾಯಿ ಮೇಲೆ ಹೋಗುತ್ತದೆ. ಮೇಲಿನ 4,500ರ ಬಾಟಲಿಗೆ ಸುಮಾರು 185 ರೂಪಾಯಿ. ಬಾಟಲಿಯಲ್ಲಿ ಪರವಾಗಿಲ್ಲ, ಚಾಕೊಲೇಟಿನಲ್ಲಿ ಇದ್ದ ಉಳಿತಾಯವೆಲ್ಲ ಇದರಲ್ಲೇ ಹೋಗುತ್ತದೆ.

ಚಾಕೊಲೇಟ್ ವಿಷಯ ಬಂತು, ಬೇಗ ಹೇಳಿ ಮುಗಿಸುತ್ತೇನೆ. ಚಾಕೊಲೇಟ್, ಸೆಂಟು, ಕನ್ನಡಕ, ಕ್ರೀಮು ಇವುಗಳಲ್ಲಿ ತೆರಿಗೆ ಮದ್ಯದಷ್ಟು ಭಾರವಿಲ್ಲ. ಹಾಗಾಗಿ ಬಿಡುವುದಕ್ಕೇ ಹೆಚ್ಚೇನಿಲ್ಲ. ದೊಡ್ಡ ಚೀಲದ ಚಾಕೊಲೇಟ್‌ನ ಬೆಲೆಯನ್ನು ನೂರು ಗ್ರಾಂಗೆ ಭಾಗಿಸಿ ನೋಡಿ, ಅಲ್ಲಿನ ಊರೊಳಗಿನ ಸೂಪರ್ ಮಾರ್ಕೆಟ್ ಯಾವಾಗಲೂ ಗೆದ್ದಿದೆ ನನ್ನ ಅನುಭವದಲ್ಲಿ. ಸೆಂಟಿಗೆ ಇಲ್ಲಿನ ಆನ್‌ಲೈನ್ ಸೇಲ್ ಬೆಲೆ ನೋಡಿಕೊಳ್ಳಿ. ಅಂಗಡಿಯ ಬಾಡಿಗೆ, ವಿಮಾನ ನಿಲ್ದಾಣಕ್ಕೆ ಕೊಡುವ ಪಾಲು ಎಲ್ಲ ಆ ಬೆಲೆಯೊಳಗೇ ಇರುತ್ತದೆ, ಬೇರೆ ಎಲ್ಲಿಂದ ಬರಬೇಕು?

ನನ್ನ ಕಳವಳ ಇರುವುದು ಬಾಟಲಿ ಬೆಲೆಯಲ್ಲಲ್ಲ. ಅಂಗಡಿಯೊಳಗೆ ಬೆಳಗಿನ ಜಾವ ಮೂರು ಗಂಟೆಗೆ ನಡೆಯುವುದನ್ನು ನೋಡಿದ್ದೇನೆ. ಹದಿನಾಲ್ಕು ಗಂಟೆ ಪ್ರಯಾಣ ಮಾಡಿ ಬಂದವರು, ಕಣ್ಣು ಕೆಂಪಾಗಿರುತ್ತದೆ, ಕೈಯಲ್ಲಿ ಮೊಬೈಲ್, ಆ ಕಡೆಯಿಂದ ವಾಟ್ಸಾಪ್‌ನಲ್ಲಿ ಭಾವಮೈದ, ಅಪಾರ್ಟ್‌ಮೆಂಟ್ ಗೆಳೆಯ, ಆಫೀಸಿನವರು, ಒಬ್ಬೊಬ್ಬರದೂ ಒಂದೊಂದು ಹೆಸರು. ಗಲ್ಫಿನಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಹುಡುಗರನ್ನು ನೋಡಿದರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಅವರಲ್ಲಿ ಒಬ್ಬ ನನ್ನ ಹಿಂದೆ ಸಾಲಿನಲ್ಲಿದ್ದ, ಹಾಸನ ಕಡೆಯವನು. ಎರಡು ಬಾಟಲಿ ಹಿಡಿದಿದ್ದ. ಯಾರಿಗೆ ಅಂತ ಕೇಳಿದೆ. "ಒಂದು ಅಣ್ಣಂಗೆ, ಒಂದು ಸಾಲ ಕೊಟ್ಟವರಿಗೆ" ಅಂದ. ತಂದವನ ಹತ್ತಿರ ಯಾರೂ ದುಡ್ಡು ಎಷ್ಟಾಯಿತು ಅಂತ ಕೇಳುವುದಿಲ್ಲ. ಡ್ಯೂಟಿ ಫ್ರೀ ಅಲ್ವಾ, ಫ್ರೀ ಅನ್ನುವ ಪದವೇ ಕೇಳಿಸುವುದು ಅವರಿಗೆ. 4,500ರ ಬಾಟಲಿಯಲ್ಲಿ ಉಳಿತಾಯ ಆದದ್ದು ಕುಡಿದವರಿಗೆ, ತಂದವನ ಜೇಬಿನಿಂದ ಹೋದದ್ದು ಪೂರ್ತಿ 4,500. ದಯವಿಟ್ಟು, ಯಾರಿಗಾದರೂ ತರಲು ಹೇಳಿದ್ದರೆ ಅವರು ಮನೆಗೆ ಬಂದ ದಿನವೇ ದುಡ್ಡು ಕೈಗೆ ಕೊಡಿ. ಕೇಳುವವರೆಗೆ ಕಾಯಬೇಡಿ, ಅವರು ಕೇಳುವುದಿಲ್ಲ.

ಈಗ ಮಾವನಿಗೆ ಆದದ್ದು ಬೇರೆಯವರಿಗೆ ಆಗದ ಹಾಗೆ ಎರಡು ಮಾತು. ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ಬಾಟಲಿಯ ದ್ರವ ಒಯ್ಯಬಾರದು ಅನ್ನುವುದು 2006ರಿಂದ ಬಂದ ನಿಯಮ, ಬಹುಪಾಲು ವಿಮಾನ ನಿಲ್ದಾಣಗಳಲ್ಲಿ ಇದೆ. ಆ ವರ್ಷ ಆಗಸ್ಟಿನಲ್ಲಿ ದ್ರವದ ಬಾಂಬ್ ಇಟ್ಟು ವಿಮಾನ ಸ್ಫೋಟಿಸುವ ಸಂಚು ಲಂಡನ್ನಿನಲ್ಲಿ ಬಯಲಾಗಿತ್ತು. ಡ್ಯೂಟಿ ಫ್ರೀ ಬಾಟಲಿಗೆ ವಿನಾಯಿತಿ ಸಿಗುವುದು ಆ ಸೀಲ್ ಮಾಡಿದ ಚೀಲದಿಂದ ಮಾತ್ರ. ಚೀಲ ಹರಿದ ಕ್ಷಣಕ್ಕೆ ಅದು ಮಾಮೂಲಿ ಒಂದು ಲೀಟರ್ ದ್ರವ. ಆದ್ದರಿಂದ ನಡುವೆ ವಿಮಾನ ಬದಲಿಸುವುದಿದ್ದರೆ ಮನೆ ತಲುಪುವವರೆಗೂ ಚೀಲ ಮುಟ್ಟಬೇಡಿ, ರಸೀದಿ ಒಳಗೇ ಇರಲಿ. ಅದಕ್ಕಿಂತ ಒಳ್ಳೆಯದು ಕೊನೆಯ ನಿಲ್ದಾಣದಲ್ಲಿ ಅಥವಾ ಬೆಂಗಳೂರಿಗೆ ಇಳಿದ ಮೇಲೆ ಕೊಳ್ಳುವುದು. ಬೆಂಗಳೂರಿನಿಂದ ಮುಂದೆ ಹುಬ್ಬಳ್ಳಿಗೋ ಮಂಗಳೂರಿಗೋ ಮತ್ತೆ ವಿಮಾನ ಇದ್ದರೆ, ಕಸ್ಟಮ್ಸ್ ದಾಟಿದ ಮೇಲೆ ದೊಡ್ಡ ಬ್ಯಾಗ್ ತೆರೆದು ಬಾಟಲಿಯನ್ನು ಅದರಲ್ಲಿಟ್ಟು ಚೆಕ್ ಇನ್ ಮಾಡಿಬಿಡಿ. ಶೇ 24ರಿಂದ 70ರವರೆಗಿನ ಮದ್ಯ, ಅಂಗಡಿಯ ಪ್ಯಾಕ್ ಒಡೆಯದೆ ಇದ್ದರೆ, ಚೆಕ್ ಇನ್ ಬ್ಯಾಗಿನಲ್ಲಿ 5 ಲೀಟರ್‌ವರೆಗೆ ಹೋಗುತ್ತದೆ. ಶೇ 70 ದಾಟಿದ್ದು ಎಲ್ಲೂ ಹೋಗುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಕೊಂಡದ್ದನ್ನೂ ಹೀಗೇ ತರಬೇಕು. ನಾನು ಜೀನ್ಸ್ ಪ್ಯಾಂಟಿನ ಒಂದೊಂದು ಕಾಲಿನೊಳಗೆ ಒಂದೊಂದು ಬಾಟಲಿ ತೂರಿಸಿ, ಮೇಲೆ ಸುತ್ತಿ, ಬಟ್ಟೆಗಳ ನಡುವೆ ಇಡುತ್ತೇನೆ. ಇವತ್ತಿನವರೆಗೆ ಒಂದೂ ಒಡೆದಿಲ್ಲ. ಗಾಜು ಸೇರಿ ಲೀಟರ್ ಬಾಟಲಿ ಒಂದೂವರೆ ಕೆಜಿ ಮೇಲೆ ತೂಗುತ್ತದೆ, ಎರಡಕ್ಕೆ ಮೂರು ಕೆಜಿಗಿಂತ ಸ್ವಲ್ಪ ಹೆಚ್ಚೇ ಬಿಟ್ಟುಕೊಳ್ಳಿ.

ಮುಂದಿನ ತಿಂಗಳು ಮಾವ ಮತ್ತೆ ಹೊರಟಿದ್ದಾರೆ, ಮಗಳಿಗೆ ಎರಡನೇ ಹೆರಿಗೆ. ಮೊನ್ನೆ ಭಾನುವಾರ ಅವರ ಮನೆಗೆ ಹೋಗಿ ಇದೆಲ್ಲ ಕೂತು ಹೇಳಿದೆ. ಮಾವ ಕನ್ನಡಕ ಹಾಕಿಕೊಂಡು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡರು. ಕೊನೆಗೆ ಕೇಳಿದರು, "ಅಂದ್ರೆ ಇಲ್ಲಿ ಇಳಿದ ಮೇಲೇ ಸಿಗುತ್ತೆ, ಅಲ್ಲಿಂದ ಹೊರೋದೇ ಬೇಡ, ಅಲ್ವೇನೋ?" ಹೌದು ಮಾವ, ಬೆಲ್ಟ್‌ಗೆ ಹೋಗುವ ದಾರಿಯಲ್ಲೇ, ಒಂದು ಲೀಟರಿನದ್ದು ಒಂದು ಸಾಕು ಅಂದೆ. ಬಾಟಲಿಯ ಫೋಟೋ ಅವರ ಮೊಬೈಲಿಗೆ ಹಾಕಿದ್ದೇನೆ, ಇಲ್ಲಿನ ಅಂಗಡಿಯ ಬೆಲೆಯನ್ನು ಲೀಟರ್ ಲೆಕ್ಕಕ್ಕೆ ತಂದು ಕೆಳಗೆ ಬರೆದಿದ್ದೇನೆ. ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳದೆ ಹೊರಗೆ ಬನ್ನಿ, ನಾನು ವಾಯುವಜ್ರ ಬಸ್ ನಿಲ್ಲುವ ಕಡೆ ಇರುತ್ತೇನೆ, ದಾರಿಯಲ್ಲಿ ತಗೊಳ್ಳೋಣ ಅಂತ ಹೇಳಿದೆ. ಮಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನ ಕವರೊಳಗೆ ಇಟ್ಟುಕೊಂಡರು.